ಹತ್ತೊಂಬತ್ತು ಗಂಟು

ಬೆಳಿಗ್ಗೆ ಏಳೂವರೆಗೆ ಶಿಶುವಿಹಾರದ ಬಾಗಿಲು ತೆಗೆಯುವವಳು ನಾನು.
ಚಿಲಕ ಎರಡು: ಒಂದು ನನ್ನ ಎದೆಯೆತ್ತರ,
ಇನ್ನೊಂದು ಗೇಟಿನ ಆಚೆ ಮೈಗೆ, ಪುಟ್ಟ ಕೈ ಎಟುಕದ ಕಡೆ.
ಜಾರುಬಂಡೆಯ ಬೋಲ್ಟು ಮುಟ್ಟಿ ನೋಡುತ್ತೇನೆ.
ಮರಳಲ್ಲಿ ಬೆಕ್ಕು ಬಿಟ್ಟುಹೋದದ್ದನ್ನು ಎತ್ತಿ ಹಾಕುತ್ತೇನೆ.
ಫಿನಾಯಿಲಿನ ಕಪಾಟಿಗೆ ಬೀಗ ಬಿದ್ದಿದೆಯೇ?
ಬಿದ್ದಿದೆ. ಆದರೂ ಇನ್ನೊಮ್ಮೆ ಜಗ್ಗುತ್ತೇನೆ.
ಇಪ್ಪತ್ತೆಂಟು ವರ್ಷ ತೊಮೆಯ ಗಿರಣಿಯಲ್ಲಿ ಉಣ್ಣೆ ನೇಯ್ದವಳು,
ಸಾವಿರ ಎಳೆಯಲ್ಲಿ ಹರಿದ ಒಂದನ್ನು
ಕಣ್ಣಿಗಿಂತ ಮೊದಲು ಬೆರಳೇ ಹೇಳುತ್ತಿತ್ತು.
ಗಿರಣಿ ಮುಚ್ಚಿತು. ಬೆರಳು ಮುಚ್ಚಲಿಲ್ಲ.

ಚಿಲಿಯ ಮಕ್ಕಳಿಗೆ ಕಲಿಸುವವರು, ಗುಡಿಸುವವರು, ಎಲ್ಲರೂ ಅತ್ತೆಯರೇ.
ನಾನು ಎದುವಿನಾ ಅತ್ತೆ. ಕಲಿಸುವವಳು ಹಸಿಂತಾ ಅತ್ತೆ,
ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು.
"ಪಾಠ ಯಾವಾಗ ಶುರು?" ಎಂದೆ, ಬಂದ ಹೊಸತರಲ್ಲಿ.
"ಶುರುವಾಗಿದೆಯಲ್ಲ" ಎಂದಳು
ಅಂಗಳದಲ್ಲಿ ಬಲ್ತಸಾರನ ಪಕ್ಕ ಬೋರಲು ಮಲಗಿ.
ನಾಲ್ಕು ದಿನದಿಂದ ಅವನು ಇರುವೆ ನೋಡುತ್ತಿದ್ದ.
ನಾಲ್ಕು ದಿನ! ಬಣ್ಣ ಬೇಡ, ಹಾಡು ಬೇಡ,
ಊಟಕ್ಕೆ ಕರೆದರೆ, "ಅವೂ ಊಟಕ್ಕೇ ಹೋಗ್ತಿವೆ, ತಡಿ."
ಇದೆಂಥ ಕಲಿಕೆ, ಕುರಿ ಮುಂದೆ ಕುರುಬ ಹಿಂದೆ,
ಎಂದು ಗೊಣಗಿಕೊಂಡೆ.
ಕುರುಬ ಹಿಂದೆಯೇ ಇರುತ್ತಾನೆಂಬುದು ಆಮೇಲೆ ಹೊಳೆಯಿತು.

ಐದನೆಯ ದಿನ ಸಾಲು ಬೇಲಿಯ ಕಡೆ ತಿರುಗಿತು.
ಅವನೂ ತಿರುಗಿದ. ಅವಳೂ. ಕಸಬರಿಗೆ ಹಿಡಿದು ನಾನೂ.
ಮೂರನೆಯ ಕಂಬದ ಬುಡದಲ್ಲಿ ಇರುವೆ ಒಳಗಿಳಿದವು.
ಅವನು ಬೆರಳು ತೂರಿಸಿದ. ಮಣಿಕಟ್ಟು ಹೋಯಿತು.
ಮೊಣಕೈ ಹೋಯಿತು. ಕಂಬ ನೆನೆದ ಬ್ರೆಡ್ಡಿನ ಹಾಗೆ ಉದುರಿತು.
ಆಚೆ ಕಡಿದಾದ ಇಳಿಜಾರು, ಕೆಳಗೆ ಮರದ ಲಾರಿಗಳ ರಸ್ತೆ.
ಹೋದ ತಿಂಗಳು ತನಿಖೆಗೆ ಬಂದ ಔದಿಲಿಯೊ ಸಾಹೇಬರು
ಟೇಪು ಹಿಡಿದು ಬೇಲಿಯ ಎತ್ತರ ಅಳೆದು
"ಸರಿ" ಎಂದು ಗುರುತು ಹಾಕಿದ್ದರು.
ನಾನೂ ದಿನಾ ಜಗ್ಗಿದ್ದೆ,
ಮೇಲ್ತುದಿ ಹಿಡಿದು.

ಗುರುವಾರ ಸೈರನ್ನಿನ ಅಭ್ಯಾಸ.
ಇಲ್ಲಿ ನೆಲ ನಡುಗಿದರೆ ಹಿಂದೆಯೇ ಕಡಲು ಏಳಬಹುದು,
ಗುಡ್ಡ ಹತ್ತಬೇಕು. ಅಳಬಹುದು, ನಿಲ್ಲಬಾರದು.
ಹಿಡಿದು ನಡೆಯುವ ಹಗ್ಗಕ್ಕೆ ಮಕ್ಕಳೇ ಗಂಟು ಹಾಕಿದ್ದರು,
ನಾನು ತಂದ ಗಿರಣಿಯ ಉಣ್ಣೆಯಲ್ಲಿ, ಒಬ್ಬೊಬ್ಬರಿಗೊಂದು ಬಣ್ಣ.
ಮಿಲ್ಯಾರಾಯಳದು ಆಲೂಗಡ್ಡೆಯಷ್ಟು ದಪ್ಪ.
ಇನ್ನೊಂದು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು;
ಬಿಗಿಯಲು ಹೋದ ನನ್ನ ಕೈಯನ್ನು ಹಸಿಂತಾ ಹಿಡಿದಳು.
ಏಳನೆಯ ಸಲ ನಿಂತಿತು.

ಗುಡ್ಡದ ಮೇಲೆ ಎಣಿಸಿದೆವು. ಹದಿನೆಂಟು.
ಹಗ್ಗದ ಮೇಲೆ ಬೆರಳು ಓಡಿಸಿದೆ.
ನೀಲಿ ಗಂಟು ಬರಿದು.

ಇಳಿದದ್ದು ನೆನಪಿಲ್ಲ.
ಬಲ್ತಸಾರ ಅಡ್ಡಹಲಗೆ ಹೊಡೆದ ಕಂಬದ ಬಳಿ ಕುಕ್ಕರಗಾಲಲ್ಲಿ,
ಹಲಗೆಯ ಸಂದಿಗೆ ಬಾಯಿಟ್ಟು ಕೂಗುತ್ತಿದ್ದ:
"ಮೇಲೆ ಬನ್ನಿ, ಮೇಲೆ ಬನ್ನಿ!"
ಅವುಗಳಿಗೆ ಕಿವಿಯಿಲ್ಲವಂತೆ, ಸೈರನ್ ಕೇಳುವುದಿಲ್ಲವಂತೆ.
ನಾನು ಅವನ ಅಭಿಪ್ರಾಯ ಕೇಳಲಿಲ್ಲ.
ಎತ್ತಿಕೊಂಡೆ, ಒದ್ದ, ಕಚ್ಚಿದ, ಎತ್ತಿಕೊಂಡೇ ಹತ್ತಿದೆ.

ಹಸಿಂತಾಳ ಮುಖ ಸುಣ್ಣವಾಗಿತ್ತು.
ಆ ದಿನ ಅವಳು ನಡುಗುವ ಅಕ್ಷರದಲ್ಲಿ ಬರೆದಳು:
ಹೊರಡುವ ಮೊದಲು ಎಣಿಸಲಿಲ್ಲ. ತಪ್ಪು ನನ್ನದು.
ಕೆಳಗೆ ನಾನೂ ಸಹಿ ಹಾಕಿದೆ.
ಮರುದಿನ ಮಕ್ಕಳನ್ನು ಸುತ್ತ ಕೂರಿಸಿ ಕೇಳಿದಳು:
"ಇರುವೆಗಳಿಗೆ ಮೊದಲೇ ಹೇಳಿಡುವುದು ಹೇಗೆ?"
ಬೆಳಿಗ್ಗೆಯೆಲ್ಲ ಅದೇ ಚರ್ಚೆ. ತೀರ್ಮಾನವಾಗಲಿಲ್ಲ.

ಈಗ ಏಳೂವರೆಗೆ ಚಿಲಕ ಜಗ್ಗಿದ ಮೇಲೆ
ಮಂಡಿ ಬೈದುಕೊಳ್ಳುತ್ತಾ ಬೋರಲು ಮಲಗುತ್ತೇನೆ,
ಕೆನ್ನೆ ತಣ್ಣನೆಯ ನೆಲಕ್ಕೆ,
ಕಣ್ಣು ನಾಲ್ಕು ವರ್ಷದ ಎತ್ತರಕ್ಕೆ.
ದಾರಿಯಲ್ಲಿ ಹೋಗುವವರು ಬಿದ್ದಳೆಂದು ಓಡಿಬಂದದ್ದೂ ಉಂಟು.