ಒಡೆದ ಗಾಜು

ಪುಣೆ, ಶಿವಾಜಿನಗರದ ಕೋರ್ಟು, ಹನ್ನೊಂದೂ ಇಪ್ಪತ್ತು.
ದುಭಾಷಿಗೆಂದು ಫ್ಯಾನಿನ ಕೆಳಗೆ ಒಂದು ಕೈಯಿಲ್ಲದ ಕುರ್ಚಿ.
ಕಟಕಟೆಯಲ್ಲಿ ಅಂಬಣ್ಣ, ಅಫಜಲಪುರದ ಕಡೆಯವನು,
ಎಡ ಅಂಗೈಯಲ್ಲಿ ಒಂಬತ್ತು ಹೊಲಿಗೆ.
ಹೇಳಿದ್ದು ಇಷ್ಟೇ:
'ಗಾಜ ಒಡೀತ್ರಿ.'

ಒಡೀತು. ಮಡಕೆ ಒಡೆದ ಹಾಗೆ, ಹಾಲು ಒಡೆದ ಹಾಗೆ,
ಯಾರ ಹೆಸರೂ ಬೇಡದೆ.
ಮರಾಠಿಗೆ ದಾಟಿಸಿದೆ: ಕಾಚ ಫುಟಲೀ.

ಖಾಂಬೇಟೆ ವಕೀಲರು ಕನ್ನಡಕ ಒರೆಸುತ್ತ ಎದ್ದರು.
'ಫುಟಲೀ ಕೀ ಫೋಡಲೀ?'
ಉಕಾರ ಓಕಾರವಾಗಿ, ಟಕಾರ ಡಕಾರವಾಗಿ,
ಆ ಸಣ್ಣ ಸಂದಿಯೊಳಗಿಂದ
ಒಬ್ಬ ಮನುಷ್ಯ ಕಲ್ಲು ಹಿಡಿದು ಹೊರಗೆ ಬಂದ.

ಮರಾಠಿಗೆ ಅದರದೇ ಒಂದು ರಿವಾಜು.
ಒಡೆದವನ ಬೆನ್ನಿಗೆ 'ನೇ' ಅಂಟಿಸಿ ಪಕ್ಕಕ್ಕೆ ನಿಲ್ಲಿಸುತ್ತದೆ,
ಕ್ರಿಯಾಪದ ಅವನ ಮುಖ ನೋಡುವುದಿಲ್ಲ,
ಗಾಜು ಹೆಣ್ಣೆಂದು ಅದರ ಹಿಂದೆಯೇ ಹೋಗುತ್ತದೆ.
ನಮ್ಮಲ್ಲಿ ಹಾಗಲ್ಲ. ಒಡೆದನು ಅಂದರೆ ಸಾಕು,
ಬಾಲದಲ್ಲೇ ಆಸಾಮಿ ಸಿಕ್ಕಿಬಿದ್ದ.

ಲಕ್ಷ್ಮೀ ರಸ್ತೆಯ ಅಂಗಡಿ, ಸೀರೆ ಉಟ್ಟ ಗೊಂಬೆಗಳ ಮುಂದೆ ಎಂಟಡಿ ಗಾಜು.
ಮೂರು ತಿಂಗಳ ಪಗಾರ ಬಾಕಿ, ಬೆಳಿಗ್ಗೆಯಷ್ಟೇ ಜಗಳ.
ಒಡೆಯುವುದಕ್ಕೆ ಅವನಿಗೆ ಕಾರಣ ಇತ್ತು.
ಅಷ್ಟು ದೊಡ್ಡದನ್ನು ಎತ್ತಲು ಅವನೊಬ್ಬನೇ ಇದ್ದ, ಅದೂ ನಿಜ.

'ಕೈಗೆ ಏನಾಯಿತು?' ಸಾಹೇಬರು ಕೇಳಿದರು.
'ಕೊಯ್ತ್ರಿ.'
ಟೈಪಿಸ್ಟ್ ಸುಲಭಾಬಾಯಿ ಅದನ್ನು ಇಂಗ್ಲಿಷಿನಲ್ಲಿ ಬಡಿದರು.
ಆ ಭಾಷೆಯಲ್ಲಿ ಗಾಜು ತಾನಾಗಿ ಒಡೆಯಬಹುದು,
ಕೈ ಮಾತ್ರ ತಾನಾಗಿ ಕೊಯ್ಯುವಂತಿಲ್ಲ,
ಅದಕ್ಕೊಬ್ಬ ಕರ್ತೃ ಬೇಕೇ ಬೇಕು.
ಹಾಗಾಗಿ ಕಾಗದದ ಮೇಲೆ ಅಂಬಣ್ಣ
ತನ್ನ ಕೈಯನ್ನು ತಾನೇ ಕತ್ತರಿಸಿದ.
ನಾನು ತಡೆಯಲಿಲ್ಲ. ತಡೆದು ಏನೆಂದು ಹೇಳಲಿ?

ಈ ಆಟ ನನಗೆ ಹೊಸದಲ್ಲ.
ಸೋಲಾಪುರದಲ್ಲಿ, ಇಪ್ಪತ್ತೊಂದರ ವಯಸ್ಸಿಗೆ,
ಗೊತ್ತಾದ ಲಗ್ನ ಮುರಿದವಳು ನಾನು.
ಕಾಗದ ಬರೆದು, ಡಬ್ಬಿಗೆ ಹಾಕಿ,
ಬರುವಾಗ ನಿಂತು ಭಜಿ ತಿಂದವಳು.
ಅವ್ವ ಓಣಿಗೆಲ್ಲ ಹೇಳಿದಳು: 'ಮುರೀತು.'
ಪಕ್ಕದ ಮನೆಗೆ ಇನ್ನೂ ಸಲೀಸು: 'ಲಗ್ನ ಮೋಡಲಂ.'
ಮುರಿದರೂ ಅದೇ ಮಾತು, ಮುರಿದುಬಿದ್ದರೂ ಅದೇ ಮಾತು,
ಮುಂದಿನ 'ತಿನಂ' ಒಂದನ್ನು ನುಂಗಿದರೆ ನಾನು ಮಾಯ.
ಮೂವತ್ತು ವರ್ಷ
ಆ ಅಕರ್ಮಕದೊಳಗೆ ಬೆಚ್ಚಗೆ ಇದ್ದೇನೆ.

'ಸರಿಯಾಗಿ ಹೇಳು ಅಂಬಣ್ಣ.'
ಅವನು ಸಾಹೇಬರನ್ನು ಬಿಟ್ಟು ನನ್ನನ್ನು ನೋಡಿದ.
'ಕೈ ತಪ್ಪಿತ್ರಿ ಅಕ್ಕಾರ.'

ತಪ್ಪಿತು.
ಇದನ್ನೇ ನಾಮಪದ ಮಾಡಿ ಕೊಟ್ಟರೆ ತಪ್ಪು,
ಅದಕ್ಕೆ ಕಲಮಿದೆ, ದಂಡವಿದೆ, ಒಡೆಯನಿದ್ದಾನೆ.
ಕ್ರಿಯೆಯಾಗಿ ಬಿಟ್ಟರೆ ಬರೀ ಬಸ್ಸು ತಪ್ಪಿದ ಹಾಗೆ,
ತಾಳ ತಪ್ಪಿದ ಹಾಗೆ.
ನಡುವೆ ಒಂದು ಪ್ರತ್ಯಯದಷ್ಟು ಜಾಗ,
ದಿನಕ್ಕೆ ಆರುನೂರು ಕೊಟ್ಟು
ಅಲ್ಲಿ ನನ್ನನ್ನು ಕೂರಿಸಿದ್ದಾರೆ.

'ತ್ಯಾಚ್ಯಾ ಹಾತೂನ ಫುಟಲೀ,' ಅಂದೆ.
ಕೈ ಉಂಟು, ಮನಸ್ಸಿಲ್ಲ.
ಆಸಾಮಿ ಹೊಸ್ತಿಲ ತನಕ ಬಂದು
ಒಳಗೆ ಕಾಲಿಡದೆ ನಿಂತಿದ್ದಾನೆ.
ಖಾಂಬೇಟೆ ನಕ್ಕರು. ಸಾಹೇಬರು ನಗದೆ ಬರೆದುಕೊಂಡರು.
ಮುಂದಿನ ತಾರೀಖು ಹದಿನೆಂಟು.

ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲ, ಒಳಗೆ ಚೂರುಗಳು.
'ಇದಕ್ಕೆ ನಿಮ್ಮ ಕಾನಡಿಯಲ್ಲಿ ಏನಂತಾರೆ?' ಶಿಪಾಯಿ ಕೇಳಿದ.
ಒಡೆದ ಗಾಜು, ಅಂದೆ.
ತಾನೇ ಒಡೆದದ್ದೋ ಯಾರಾದರೂ ಒಡೆದದ್ದೋ
ಆ 'ದ' ಹೇಳುವುದಿಲ್ಲ, ಕೇಳಿದರೂ ಹೇಳುವುದಿಲ್ಲ.

ಮೆಟ್ಟಿಲಲ್ಲಿ ಅಂಬಣ್ಣ ಕಾಯುತ್ತಿದ್ದ, ಚಹಾ ಎರಡು ಹೇಳಿ.
ಬಿಸಿ ಗ್ಲಾಸನ್ನು ಬಲಗೈಯಲ್ಲೇ ಹಿಡಿದಿದ್ದ, ಬಹಳ ಬಿಗಿಯಾಗಿ.
'ಬಿಡ್ತಾರೇನ್ರಿ ಅಕ್ಕಾರ?'
ಯಾರು, ಎಂದು ಅವನು ಹೇಳಲಿಲ್ಲ.
ನಾನೂ ಕೇಳಲಿಲ್ಲ, ಅದನ್ನೂ,
ಇನ್ನೊಂದನ್ನೂ.