ಇಪ್ಪತ್ನಾಲ್ಕು ತಾಸಿನ ತಾಮ್ರ

ಡಬ್ಬಿ ಕೊಟ್ಟವಳು ನಾನೇ, ಬಿಳೀ ಪ್ಲಾಸ್ಟಿಕ್ಕಿನದು,
ಮೇಲೆ ಬರೆದಿದ್ದೆ: ತಹಸೀನ್, ಹದಿನಾಲ್ಕು ವರ್ಷ.
ನಾಳೆ ಬೆಳಿಗ್ಗೆ ಏಳರ ತನಕ
ಒಂದು ಹನಿ ಉಚ್ಚೆಯೂ ಹೊರಗೆ ಹೋಗಬಾರದು,
ಎಲ್ಲ ಇದರಲ್ಲೇ ಹಿಡಿಯಿರಿ, ಎಂದಿದ್ದೆ.

ಮರುದಿನ ದಸ್ತಗೀರಸಾಬರು ಬಂದರು
ತೀನ್ ಕಂದಿಲಿನಿಂದ ನಡೆದೇ, ಎದೆಗವಚಿಕೊಂಡು
ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ತಂಬಿಗೆ.
ಹೊಸ ಕಲಾಯಿ. ಕತ್ತಿನವರೆಗೂ ಬೆಳ್ಳಿ ಬೆಳಕು.
"ನಿಮ್ಮ ಡಬ್ಬಿ ನಾತ ಹೊಡೀತಿತ್ರಿ ಅಕ್ಕಾರ,
ಮಗಳದು ಅದರಾಗ ತರಾಕ ಮನಸ್ಸು ಬರಲಿಲ್ಲ."

ತಂಬಿಗೆಯನ್ನು ಮೋರಿಗೆ ಬಗ್ಗಿಸುವಾಗ
ಅವರ ಮುಖ ನೋಡಲಿಲ್ಲ ನಾನು.
ಹುಡುಕುತ್ತಿರುವುದು ತಾಮ್ರ; ತಂದದ್ದು ತಾಮ್ರದಲ್ಲಿ.
ಕಲಾಯಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ
ಲೆಕ್ಕವೆಲ್ಲ ಸುಳ್ಳು.
"ನನ್ನ ಕಲಾಯಿಗೆ ತೂತ?" ಎಂದರು. ಅಷ್ಟೇ.
ನಲವತ್ತು ವರ್ಷ
ರಾಯಚೂರಿನ ಹುಣಸೆಹುಳಿಗೂ ತಾಮ್ರಕ್ಕೂ ನಡುವೆ
ತವರದ ತೆಳ್ಳನೆ ಗೋಡೆ ಎಬ್ಬಿಸಿದ ಮನುಷ್ಯ.

ಬೆಂಚಿನ ಮೇಲೆ ಕೂಡಿಸಿ, ಚಹಾ ತರಿಸಿ
ಗೊತ್ತಿದ್ದಷ್ಟು ಹೇಳಿದೆ.
ತಾಮ್ರ ಬೇಕು ಸಾಬರ, ಅದಿಲ್ಲದೆ ಉಸಿರು ಉರಿಯುವುದಿಲ್ಲ,
ಕೂದಲಿಗೆ ಕಪ್ಪಿಲ್ಲ, ರಕ್ತನಾಳಕ್ಕೆ ಬಿಗಿಯಿಲ್ಲ.
ಆದರೆ ಬಿಡಾಡಿ ಲೋಹ ಅದು. ಒಂಟಿಯಾಗಿ ಬಿಟ್ಟರೆ
ಮುಟ್ಟಿದ್ದನ್ನೆಲ್ಲ ಸುಡುತ್ತದೆ.
ಜೀವಕೋಶ ಅದನ್ನು ಬರಿಗೈಲಿ ಮುಟ್ಟುವುದಿಲ್ಲ.

"ಇಕ್ಕಳದಾಗ ಹಿಡೀತದೇನು?"

ನನಗೇ ನಗು ಬಂತು. ಹೌದು, ಇಕ್ಕಳವೇ,
ಗಂಧಕದ ಎರಡು ಬೆರಳು.
ಬಾಗಿಲಲ್ಲಿ ಒಬ್ಬ ಒಂದೊಂದೇ ಕಣ ಒಳಗೆ ಬಿಡುತ್ತಾನೆ,
ಒಳಗೆ ಕಾದವ ನೆಲಕ್ಕೆ ಬೀಳಗೊಡದೆ ಹಿಡಿಯುತ್ತಾನೆ,
ಅವನ ಇಕ್ಕಳದಿಂದ ಮತ್ತೊಬ್ಬನ ಇಕ್ಕಳಕ್ಕೆ,
ಅಲ್ಲಿಂದ ಕುಲುಮೆಗೆ, ಕೆಲಸಕ್ಕೆ.
ಇಡೀ ಕೋಶವನ್ನು ಜರಡಿ ಹಿಡಿದರೂ
ಕೈತಪ್ಪಿ ತಿರುಗುವ ತಾಮ್ರ ಒಂದು ಪರಮಾಣು ಸಿಗದು.
ಹೆಚ್ಚಾಯಿತೆಂದರೆ ಬಾಗಿಲವನನ್ನೇ ಒಳಗೆ ಕರೆದುಕೊಂಡು
ಹಿತ್ತಲ ಕಡೆ ಪಂಪು ಹಚ್ಚುತ್ತದೆ ಲಿವರು,
ಪಿತ್ತದ ಜೊತೆ ಹೊರಗೆ.

ತಹಸೀನಳಲ್ಲಿ ಎಲ್ಲರೂ ಇದ್ದಾರೆ,
ಆ ಪಂಪಿನವ ಮಾತ್ರ ಇಲ್ಲ.
ಇಕ್ಕಳ ಚಾಚಿದವ ಚಾಚಿಯೇ ನಿಂತಿದ್ದಾನೆ.
ಹದಿನಾಲ್ಕು ವರ್ಷ ತುಂಬಿ, ತುಳುಕಿ,
ರಕ್ತಕ್ಕೆ, ಮಿದುಳಿಗೆ,
ಕಣ್ಣಗುಡ್ಡೆಯ ಸುತ್ತ
ಹಸಿರುಗಂದು ಬಣ್ಣದ ಒಂದು ಉಂಗುರ.

ಅವಳು ಅಲ್ಲೇ ನಿಂತಿದ್ದಳು,
ನಡುಗುವ ಬಲಗೈಯನ್ನು ಎಡಗೈಲಿ ಅದುಮಿ.
ಅಕ್ಷರ ಕೆಟ್ಟಿತೆಂದು ಮೇಷ್ಟ್ರು ಬೈದ ದಿನದಿಂದ ಹೀಗೆ.
ನಡುಕಕ್ಕೆಂದು ತೋಳಿಗೆ ಕಟ್ಟಿದ ತಾಯತವೂ
ತಾಮ್ರದ್ದೇ.
ಬಿಚ್ಚಿಸಲಿಲ್ಲ. ಚರ್ಮ ಅದರ ಬಾಗಿಲಲ್ಲ.

"ಯಾರ ಕಡಿಂದ ಬಂತ್ರಿ ಇದು?"
ಇಬ್ಬರ ಕಡೆಯಿಂದಲೂ, ಅರ್ಧರ್ಧ.
ಮಾವನ ಮಗಳನ್ನೇ ಮಾಡಿಕೊಂಡದ್ದು ಅವರು;
ನಾನು ಕೇಳಲಿಲ್ಲ, ತಾವೇ ಹೇಳಿ
ಚಹಾದ ಲೋಟದ ತಳ ನೋಡುತ್ತ ಕೂತರು.

ಎರಡನೇ ಸಲ ಡಬ್ಬಿಯಲ್ಲೇ ತಂದರು.
ತಂಬಿಗೆಯನ್ನು ಮಾತ್ರ ಒಯ್ಯಲಿಲ್ಲ.
ನಮ್ಮ ಕಿಟಕಿಯಲ್ಲಿದೆ ಅದು, ಪೆನ್ನು ಹಾಕುತ್ತೇವೆ.

ಗುಳಿಗೆ ಶುರುವಾದ ಮೇಲೆ ಮೂರನೇ ಸಲ.
ಹೈದರಾಬಾದಿನಿಂದ ಬಂದ ಚೀಟಿ ಕೈಯಲ್ಲಿ ಹಿಡಿದು
"ಇದು ತೂಕದಾಗ ಎಷ್ಟಾತ್ರಿ?"
ದಿನಕ್ಕೆ ಒಂದು ಮಿಲಿಗ್ರಾಮು ಹೊರಗೆ ಬರುತ್ತಿದೆ.
ಬೆರಳು ಮಡಚಿದರು, ಬಿಚ್ಚಿದರು, ತುಟಿ ಅಲುಗಿತು.
"ಒಂದು ಉಂಗುರಕ್ಕ ಮೂರು ವರ್ಷ.
ತೆಳುವಂದು ಆದ್ರ."

ಇದೇ ವೇಗ ಉಳಿಯದು,
ಗುಳಿಗೆ ಜೀವಮಾನವಿಡೀ ಎಂದು
ಡಾಕ್ಟರು ಹೇಳಿದ್ದಾರೆ. ನಾನು ಮತ್ತೆ ಹೇಳಲಿಲ್ಲ.
ಮುಂದೆ ಬೇರೆ ಗುಳಿಗೆ ಬರುತ್ತದೆ, ಸತುವಿನದು,
ಕರುಳಲ್ಲೇ ತಾಮ್ರವನ್ನು ತಡೆದು ನಿಲ್ಲಿಸುತ್ತದೆ, ಎಂದೆ.
ತಹಸೀನ್ ತಲೆಯೆತ್ತಿದಳು:
"ತಾಮ್ರಕ್ಕ ಸತು ಕೂಡಿದ್ರ ಹಿತ್ತಾಳಿ ಅಲ್ಲ ಅಬ್ಬಾ?
ನಾ ಹಿತ್ತಾಳಿ ಆಗ್ತೀನಿ."
ಕಲಾಯಿಗಾರ ನಕ್ಕದ್ದು ಅಂದೇ ನೋಡಿದ್ದು ನಾನು,
ನವಸಾಗರದ ಹೊಗೆ ಕುಡಿದ ಎದೆಯಿಂದ
ಕೆಮ್ಮಿನ ಜೊತೆಗೆ.

ಆ ಸಲ ಡಬ್ಬಿಯ ಮೇಲಿನ ಹೆಸರು ಅವಳೇ ಬರೆದಿದ್ದಳು.
ತ ನಡುಗಿತ್ತು.
ಹ, ಸೀ ನೆಟ್ಟಗೆ ಕೂತಿದ್ದವು.
ನ್ ಚೀಟಿಯ ಅಂಚು ದಾಟಿ
ಪ್ಲಾಸ್ಟಿಕ್ಕಿನ ಮೇಲೆ ಹೋಗಿತ್ತು.