ಮುಂದಿನ ಪುಟಕ್ಕೆ

ಬೆಳಗಿನ ಜಾವ ಮೂರು. ಈರಿ ಸರೋವರದ ಗಾಳಿ
ಕಿಟಕಿಯ ಸಂದಿಯಲ್ಲಿ ಶಿಳ್ಳೆ ಹಾಕುತ್ತಿದೆ.
ಹನ್ನೆರಡನೇ ಕೋಣೆಯ ಗೊರ್ಸ್ಕಿ ಅಜ್ಜ ಎದ್ದು ಕೂತಿದ್ದಾನೆ.
ನಲವತ್ತು ವರ್ಷ ಬಾಯ್ಲರ್ ಕಾರ್ಖಾನೆಯ ಲೆಕ್ಕ ಬರೆದವನು.
ಹೆಂಡತಿ ಸತ್ತದ್ದು ನೆನಪಿಲ್ಲ,
ಏಳೆಂಟ್ಲ ಐವತ್ತಾರು ನೆನಪಿದೆ.

ಬೆನ್ನು ಒರೆಸಿ, ಡೈಪರ್ ಬದಲಿಸಿ, ದಿಂಬು ಎತ್ತರಿಸಿದ ಮೇಲೆ
ಕೈ ಚಾಚುತ್ತಾನೆ: ಎಲ್ಲಿ ನಿನ್ನ ಕಾಗದ?

ಕಾಗದ ನನ್ನ ಜೇಬಲ್ಲೇ ಇರುತ್ತದೆ, ನಾಲ್ಕು ಮಡಿಕೆ.
ಮಡಿಕೆ ಬಿದ್ದಲ್ಲಿ ಕಾಲೇಜಿನ ಹೆಸರು ಮಾಸಿದೆ,
ಶುಲ್ಕ ಮಾಸಿಲ್ಲ.

ಕರವಸ್ತ್ರದ ಕಾಗದದ ಮೇಲೆ ಗೆರೆ ಎಳೆಯುತ್ತಾನೆ,
ಎಡಕ್ಕೆ ಖರ್ಚು, ಬಲಕ್ಕೆ ಜಮಾ.
ನಾಲ್ಕು ವರ್ಷಕ್ಕೆ ಎಂಬತ್ತನಾಲ್ಕು ಸಾವಿರ.
ಪುಸ್ತಕ? ಬೂಟು? ಪರೀಕ್ಷೆಯ ಫೀಸು?
ಪಾಳಿ ಬಿಟ್ಟ ದಿನಗಳ ಸಂಬಳ?
ಸಾಲದ ಬಡ್ಡಿ? ಅದಕ್ಕೆ ಹಗಲುಪಾಳಿ ರಾತ್ರಿಪಾಳಿ ಇಲ್ಲ ನೋಡು.
ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?
ನನ್ನಮ್ಮ, ಎಂದೆ.
ಪೋನ್ಸೆಯ ಬಿಸಿಲು ಬಿಟ್ಟು ಬಂದು
ಈ ಹಿಮದಲ್ಲಿ ನನ್ನ ಮಗನ ಕಾಲುಚೀಲ ಒಣಗಿಸುವವಳು.
ಅವಳಿಗೆಷ್ಟು ಕೊಡುತ್ತೀ?
ಏನೂ ಇಲ್ಲ.
ಏನೂ ಇಲ್ಲ ಅನ್ನೋ ಅಂಕಿ ನಮ್ಮ ಪುಸ್ತಕದಲ್ಲಿಲ್ಲ, ಎಂದು
ಆ ಸಾಲನ್ನು ಖಾಲಿ ಬಿಟ್ಟ.

ಈಗ ಗಂಟೆಗೆ ಹದಿನೇಳು ಡಾಲರ್, ಆಮೇಲೆ ಮೂವತ್ತಾರು.
ನಡುವಿನ ಹತ್ತೊಂಬತ್ತು ಯಾತಕ್ಕೆ?
ಅದೇ ಹಾಸಿಗೆ, ಅದೇ ವಾಸನೆ.
ಬೆನ್ನಿನ ಹುಣ್ಣನ್ನು ಮೊದಲು ಕಂಡವಳು ನಾನು,
ಬರೆದು ಸಹಿ ಹಾಕಿದವಳು ಬ್ರೆಂಡಾ.
ಸಹಿಯ ಬೆಲೆ ಅಂದುಕೊಂಡಿದ್ದೆ,
ಹದಿನಾಲ್ಕನೇ ಕೋಣೆಯ ಮುದುಕಿಯ ಉಸಿರಿನಲ್ಲಿ
ನನ್ನ ಕಿವಿಗೆ ಬೀಳದ್ದು
ಅವಳಿಗೆ ಬಾಗಿಲಲ್ಲೇ ಕೇಳಿಸಿದ ರಾತ್ರಿಯವರೆಗೆ.
ಮುದುಕಿ ಇವತ್ತು ಜೆಲ್ಲಿ ಹುಳಿ ಎಂದು ಬೈಯುತ್ತಾಳೆ.
ನಾನೊಬ್ಬಳೇ ಇದ್ದಿದ್ದರೆ ಬೈಯುತ್ತಿರಲಿಲ್ಲ.
ಆ ರಾತ್ರಿಯನ್ನು ಯಾವ ಕಾಲಮ್ಮಿಗೆ ಹಾಕಲಿ?

ಪ್ರತಿ ರಾತ್ರಿ ಮೊದಲಿಂದ ಶುರು, ಪ್ರತಿ ರಾತ್ರಿ ಬೇರೆ ಉತ್ತರ.
ಸೋಮವಾರ: ಆರು ವರ್ಷಕ್ಕೆ ಅಸಲು ಕೈಗೆ ಬರುತ್ತದೆ.
ಮಂಗಳವಾರ: ಎಪ್ಪತ್ತೊಂದು ತುಂಬುವವರೆಗೂ ನೀನು ಸಾಲಗಾರಳು.
ಊರ ಕಾಲೇಜಿನ ಎರಡು ವರ್ಷದ್ದು ಅಗ್ಗ, ಅದಕ್ಕೇ ಸೇರು, ಅಂದದ್ದೂ ಉಂಟು.
ದೊಡ್ಡ ಆಸ್ಪತ್ರೆ ನಾಲ್ಕು ವರ್ಷದವರನ್ನೇ ಕೇಳುತ್ತದೆ ಅಂದರೆ
ಹಾಗಾದರೆ ಮೊದಲೇ ಹೇಳಬಾರದಿತ್ತೇ ಎಂದು ಪೆನ್ಸಿಲ್ ಎಸೆದ.
ಬುಧವಾರ ನನ್ನನ್ನು ಬಾಯ್ಲರ್ ಎಂದುಕೊಂಡು
ವರ್ಷಕ್ಕೆ ಹತ್ತು ಪರ್ಸೆಂಟ್ ಸವಕಳಿ ಕಳೆದ.
ಎಷ್ಟು ನಕ್ಕೆ.
ಬೆಳಿಗ್ಗೆ ಕಾರಿನ ಗಾಜಿನ ಹಿಮ ಕೆರೆಯಲು ಬಗ್ಗಿದಾಗ
ಸೊಂಟ ಹೇಳಿತು, ಮುದುಕನ ಲೆಕ್ಕ ತಪ್ಪಿಲ್ಲ.

ಇವತ್ತು ಗುರುವಾರ. ನಾಳೆ ಕಡೆಯ ದಿನ.
ಕರವಸ್ತ್ರ ತುಂಬಿತು. ಕೂಡಿದ, ಕಳೆದ,
ಅಡಿಯಲ್ಲಿ ಉತ್ತರ ಬರೆಯಲಿಲ್ಲ.
'ಮುಂದಿನ ಪುಟಕ್ಕೆ ಒಯ್ದದ್ದು' ಎಂದು ದುಂಡಗೆ ಬರೆದು
ಮುಂದಿನ ಪುಟಕ್ಕೆ ಕೈ ಚಾಚಿದ.

ನನ್ನ ಚೀಲದಲ್ಲಿ ಬೇರೆ ಖಾಲಿ ಹಾಳೆಯಿರಲಿಲ್ಲ,
ಅರ್ಜಿಯೊಂದನ್ನು ಬಿಟ್ಟು.
ಕೊಟ್ಟೆ.

ಅರ್ಜಿದಾರರ ಹೆಸರು ಎಂದಿದ್ದ ಕಡೆ
'ಹಿಂದಿನ ಪುಟದಿಂದ ತಂದದ್ದು' ಎಂದು ಬರೆದ.
ಆಮೇಲೆ ಕನ್ನಡಕದ ಮೇಲಿಂದ ನೋಡಿ, ಹೊಸಬಳನ್ನು ಕೇಳಿದ ಹಾಗೆ,
ನೀನು ಯಾರಮ್ಮ?

ಯಾರಿತ್ಸಾ, ಎಂದೆ. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.
ಅವನು ಅದನ್ನು ನಿಧಾನವಾಗಿ, ಬಲಗಡೆ ಬರೆದುಕೊಂಡ.

ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಹೋಗಿ
ಇನ್ನೊಂದು ಅರ್ಜಿ ತರಬೇಕು.
ಒಂಬತ್ತನೇ ಕೋಣೆಯ ಗಂಟೆ ಬಾರಿಸುತ್ತಿದೆ.